ಕಣ್ಣಿಲ್ಲದ ಮಕ್ಕಳಿಗೆ ಅನ್ನದ ದಾರಿ ತೋರಿದ ಗವಾಯಿ

ಭಾತಂಬ್ರಾ, ಭಾಲ್ಕಿ, ಔರಾದ ಸೀಮೆಯ ಮಠ-ಗುಡಿಗಳಲ್ಲಿ ಪುರಾಣ ಹಚ್ಚಿದರೆ ಹಾರ್ಮೋನಿಯಂ, ತಬಲಾ ಬೇಕೇ ಬೇಕು. ಹಾಡುವ ಗವಾಯಿ ಗದುಗಿನ ಆಶ್ರಮದವರು ಅಂದರೆ ಮಂದಿ ಸರಿದು ಜಾಗ ಬಿಡ್ತಾರೆ. ಆ ಆಶ್ರಮದ ಬೇರು ಪಂಚಾಕ್ಷರಿ ಗವಾಯಿಗಳು. ಅವರು ತೀರಿಕೊಂಡು ಎಂಟು ದಶಕ ದಾಟಿವೆ. ಹೆಸರು ಎಲ್ಲರಿಗೂ ಗೊತ್ತು, ಪಟ್ಟ ಪಾಡು ಎಷ್ಟು ಮಂದಿಗೆ ಗೊತ್ತು?

ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗನಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಅಣ್ಣ ಗುರುಬಸವಯ್ಯನಿಗೂ ಅದೇ ಗತಿ. ಬಡವರ ಮನೆಯಲ್ಲಿ ಎರಡು ಅಂಧ ಕೂಸು ಅಂದರೆ ಆ ಕಾಲದಲ್ಲಿ ಮುಂದಿನ ದಾರಿ ಒಂದೇ, ಭಿಕ್ಷೆ! ಆದರೆ ಈ ಹುಡುಗರ ಕಂಠ ಹಾನಗಲ್ಲ ಕುಮಾರಸ್ವಾಮಿಗಳ ಕಿವಿಗೆ ಬಿತ್ತು. ಶಿವಯೋಗ ಮಂದಿರ ಕಟ್ಟಿದ ಸ್ವಾಮಿಗಳು ಇಬ್ಬರನ್ನೂ ತಮ್ಮ ಆಸರೆಗೆ ತಗೊಂಡರು.

ಗದಿಗೆಯ್ಯ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು. ಆಮೇಲೆ ನೀಲಕಂಠಬುವಾ ಮಿರಜಕರರ ಹತ್ತಿರ ಹಿಂದೂಸ್ತಾನಿ. ಎರಡೂ ಪದ್ಧತಿಯಲ್ಲಿ ಕೈ ಪಳಗಿತು. ಪಂಚಾಕ್ಷರಿ ಗವಾಯಿ ಅಂತ ಹೆಸರಾಯಿತು. ಇಂಥ ವಿದ್ಯೆ ಇದ್ದವರು ಆಗಿನ ಕಾಲಕ್ಕೆ ಅರಮನೆ ಸೇರಬಹುದಿತ್ತು, ಊರೂರು ಬೈಠಕ್ ಮಾಡಿ ರೊಕ್ಕ ಎಣಿಸಬಹುದಿತ್ತು. ಗವಾಯಿಗಳು ಹಾಗೆ ಮಾಡಲಿಲ್ಲ. ತಮ್ಮಂಥ ಅಂಧ, ಅನಾಥ ಮಕ್ಕಳಿಗೆ ಕಲಿಸುವುದೇ ತಮ್ಮ ಕೆಲಸ ಅಂತ ಗಟ್ಟಿ ಮಾಡಿದರು. ಮದುವೆ-ಸಂಸಾರ ಅಂತ ಹೋಗಲಿಲ್ಲ.

1914ರಲ್ಲಿ ಗುರುಗಳ ಒತ್ತಾಸೆಯಿಂದ ನಿಡಗುಂದಿಕೊಪ್ಪದಲ್ಲಿ ಪಾಠಶಾಲೆ ಶುರು. ಅದಕ್ಕೊಂದು ಖಾಯಂ ಕಟ್ಟಡ ಇಲ್ಲ! ಶಾಲೆಯೇ ಊರಿಂದ ಊರಿಗೆ ಹೊರಡುವುದು. ಹೋದಲ್ಲಿ ಬಿಡಾರ, ಭಕ್ತರು ಕೊಟ್ಟ ಕಾಳು-ಕಡಿಯಲ್ಲಿ ಅಡಿಗೆ. ಕಣ್ಣಿಲ್ಲದ ಹುಡುಗರಿಗೆ ಪುಸ್ತಕ ಎಲ್ಲಿಯದು? ಗುರು ಹಾಡಬೇಕು, ಹುಡುಗ ಕೇಳಿ ತಿರುಗಿ ಹಾಡಬೇಕು. ಬೆರಳು ಹಿಡಿದು ಹಾರ್ಮೋನಿಯಂ ಮನೆಗಳ ಮೇಲೆ ಇಡಬೇಕು. ಒಂದು ಸ್ವರ ತಪ್ಪಿದರೆ ಮತ್ತೆ ಮೊದಲಿನಿಂದ. ಕೊಡುವವನಿಗೂ ತಾಳ್ಮೆ ಬೇಕು, ತಗೊಳ್ಳುವವನಿಗೂ ಬೇಕು.

1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಬೆನ್ನಿಗಿದ್ದ ಆನೆಬಲವೇ ಹೋದಂತಾಯಿತು. ಇಷ್ಟು ಮಕ್ಕಳ ಹೊಟ್ಟೆ ತುಂಬಿಸುವವರು ಯಾರು? ಗವಾಯಿಗಳು ಕೈ ಚೆಲ್ಲಲಿಲ್ಲ. ನಾಟಕ ಮಂಡಳಿಯನ್ನೂ ನಡೆಸಿದರು. ಹಾಡು ಕಲಿತವನು ಹಾಡಲಿ, ತಬಲಾ ಕಲಿತವನು ಬಾರಿಸಲಿ, ಬಂದ ಹಣದಲ್ಲಿ ಎಲ್ಲರೂ ಉಣ್ಣಲಿ ಅನ್ನುವ ಲೆಕ್ಕ. ಬಸವಾದಿ ಶರಣರ ವಚನಗಳನ್ನು ರಾಗಕ್ಕೆ ಅಳವಡಿಸಿ ಹಾಡಿದವರಲ್ಲಿ ಇವರು ಮೊದಲ ಸಾಲಿನವರು. ಮಠದ ಜಗಲಿಯ ಮೇಲೆ ಓದುತ್ತಿದ್ದ ಮಾತು ಸಂತೆಯ ಮಂದಿಯ ಬಾಯಿಗೂ ಬಂತು.

ಕಲಿಸಿದವರ ಪಟ್ಟಿ ಸಣ್ಣದಲ್ಲ. ಕಣ್ಣಿದ್ದವರಿಗೂ ಬಾಗಿಲು ತೆರೆದೇ ಇತ್ತು. ಮುಂದೆ ಪದ್ಮಭೂಷಣರಾದ ಬಸವರಾಜ ರಾಜಗುರು ಇವರ ಶಿಷ್ಯರು. ನಮ್ಮ ಈ ಭಾಗದ ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರೂ ಇವರ ಶಿಷ್ಯರೇ. ಎಲ್ಲಕ್ಕಿಂತ ಮಿಗಿಲು ದೇವಗಿರಿಯಿಂದ ಬಂದ ಅಂಧ ಬಾಲಕ ಪುಟ್ಟರಾಜ.

ಮೂರು ದಶಕ ಅಲೆದ ಶಾಲೆಗೆ ಕಡೆಗೆ ನೆಲೆ ಸಿಕ್ಕಿದ್ದು ಗದುಗಿನಲ್ಲಿ. ಅಲ್ಲಿನ ದಾನಿ ಬಸರಿಗಿಡದ ವೀರಪ್ಪನವರು ಆಸರೆಯಾದರು. 1942ರಲ್ಲಿ ವೀರೇಶ್ವರ ಪುಣ್ಯಾಶ್ರಮ ನಿಂತಿತು. ಆದರೆ ನೆಲೆ ನಿಂತ ಸುಖ ಗವಾಯಿಗಳಿಗೆ ದಕ್ಕಿದ್ದು ಎರಡೇ ವರ್ಷ. 1944ರ ಜೂನ್‌ನಲ್ಲಿ ಅವರು ಕಣ್ಮರೆಯಾದರು. ವಯಸ್ಸು 52.

ಆಳು ಹೋದರೆ ಕೆಲಸವೂ ಹೋಯಿತು ಅನ್ನುವುದು ಲೋಕದ ರೂಢಿ. ಇಲ್ಲಿ ಹಾಗಾಗಲಿಲ್ಲ. ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ತೀರಿಕೊಳ್ಳುವ ತನಕ, ಅರವತ್ತಾರು ವರ್ಷ, ಗುರುವಿನ ಗಾಡಿ ಎಳೆದರು. ಪುಣ್ಯಾಶ್ರಮದಲ್ಲಿ ಇವತ್ತಿಗೂ ಮಕ್ಕಳು ಉಂಡು, ಕಲಿತು, ಹಾಡಿಕೊಂಡೇ ಬದುಕುತ್ತಾರೆ.

ಕಣ್ಣಿಲ್ಲದ ಮಗುವಿನ ಕೈಯಲ್ಲಿ ಚಿಲ್ಲರೆ ಇಟ್ಟರೆ ಅವತ್ತಿನ ಹಸಿವು ಹೋದೀತು. ಗವಾಯಿಗಳು ಆ ಕೈಯಲ್ಲಿ ಇಟ್ಟದ್ದು ತಂಬೂರಿ. ಅದು ಜೀವಮಾನದ ಅನ್ನ!