ಇಳಯರಾಜಗೆ ಗುರು, ಅಣ್ಣಾವ್ರ ಕಂಠಕ್ಕೆ ದಾರಿ: ಪರದೆ ಹಿಂದೆಯೇ ಉಳಿದ ಜಿ.ಕೆ.ವೆಂಕಟೇಶ್

ಪುಣೆ ಸಮೀಪದ ನಿಗಡಿಯಲ್ಲಿ ಕನ್ನಡ ಕೇಳುವುದು ಹೊಸದೇನಲ್ಲ. ಆಕುರ್ಡಿ, ಪಿಂಪ್ರಿ, ಭೋಸರಿಯ ಕಾರ್ಖಾನೆಗಳಿಗೆ ಕೆಲಸಕ್ಕೆಂದು ಬಂದ ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳು ಈ ಭಾಗದಲ್ಲೇ ನೆಲೆ ನಿಂತಿವೆ. ಈಗ ಅವರ ಮಕ್ಕಳು ಐಟಿ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಇಂಥ ಮನೆಗಳಲ್ಲಿ ಸಿನಿಮಾ ಸಂಗೀತದ ಮಾತು ಬಂದರೆ ತಲೆಮಾರುಗಳ ಪಟ್ಟಿಯೇ ಬೇರೆ ಬೇರೆ. ಹುಡುಗರ ಕಿವಿಯಲ್ಲಿ 'ಕೆಜಿಎಫ್', 'ಕಾಂತಾರ' ಚಿತ್ರಗಳ ಹಿನ್ನೆಲೆ ಸಂಗೀತ. ನಲವತ್ತು ದಾಟಿದವರಿಗೆ 'ಪಲ್ಲವಿ ಅನುಪಲ್ಲವಿ'ಯ ಗಿಟಾರ್, 'ಮಾಲ್ಗುಡಿ ಡೇಸ್' ಧಾರಾವಾಹಿಯ ಶೀರ್ಷಿಕೆ ರಾಗ. ಅಜ್ಜ-ಅಜ್ಜಿಯರಿಗೆ ಇಂದಿಗೂ 'ಸನಾದಿ ಅಪ್ಪಣ್ಣ'ನ ಶಹನಾಯಿಯೇ ಆಗಬೇಕು.

ಈ ಪಟ್ಟಿಯ ಕೊನೆಯ ಮೂರನ್ನು ಗಮನಿಸಿ. ಗಿಟಾರ್ ರಾಗ ಇಳಯರಾಜ ಅವರದ್ದು. ಮಾಲ್ಗುಡಿಯ ರಾಗ ಎಲ್.ವೈದ್ಯನಾಥನ್ ಅವರದ್ದು. ಶಹನಾಯಿ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದ್ದು. ಆದರೆ ಮೂರರ ಹಿಂದೆಯೂ ಇರುವುದು ಒಬ್ಬರೇ ವ್ಯಕ್ತಿ. ಮೊದಲ ಇಬ್ಬರು ಅವರ ಬಳಿ ಸಹಾಯಕರಾಗಿ ಕೆಲಸ ಕಲಿತವರು. ಮೂರನೆಯವರು ಅವರ ಸಂಗೀತದ ಚಿತ್ರಕ್ಕೆ ನುಡಿಸಿದವರು. ಅವರೇ ಜಿ.ಕೆ.ವೆಂಕಟೇಶ್.

ಹಾಡುಗಳು ನೆನಪಿವೆ, ಹಾಡಿದವರೂ ನೆನಪಿದ್ದಾರೆ. ರಾಗ ಹಾಕಿದವರ ಹೆಸರು ಮಾತ್ರ ಬಹಳಷ್ಟು ಜನರ ನೆನಪಿನಿಂದ ಜಾರಿದೆ. ಬೇರೆಯವರ ಸ್ವರಕ್ಕೆ ಜಾಗ ಮಾಡಿಕೊಡುತ್ತಲೇ ಹೋದ ಈ ಸಂಗೀತಗಾರನ ಬದುಕಿನ ಕಥೆ ಇಲ್ಲಿದೆ.

ಹೈದರಾಬಾದಿನಿಂದ ಮದರಾಸಿಗೆ

ಗುರ್ಜಾಡ ಕೃಷ್ಣದಾಸ ವೆಂಕಟೇಶ್ ಹುಟ್ಟಿದ್ದು 1927ರ ಸೆಪ್ಟೆಂಬರ್ 21ರಂದು, ಹೈದರಾಬಾದಿನಲ್ಲಿ. ಮನೆಮಾತು ತೆಲುಗು. ಕೈಗೆ ಒಲಿದದ್ದು ವೀಣೆ. ಆಗ ದಕ್ಷಿಣದ ನಾಲ್ಕೂ ಭಾಷೆಗಳ ಚಿತ್ರೋದ್ಯಮಕ್ಕೆ ಮದರಾಸೇ ರಾಜಧಾನಿ. ಸ್ಟುಡಿಯೋ, ವಾದ್ಯಗಾರರು, ಧ್ವನಿಮುದ್ರಣ ಯಂತ್ರ ಎಲ್ಲವೂ ಅಲ್ಲೇ ಇದ್ದವು. ಹಾಗಾಗಿ ಸಂಗೀತವನ್ನು ನಂಬಿದ ಯುವಕ ವೆಂಕಟೇಶ್ ಕೂಡ ಮದರಾಸಿನ ಹಾದಿ ಹಿಡಿದರು.

ಅಲ್ಲಿ ಅವರಿಗೆ ಸಿಕ್ಕಿದ್ದು ಆ ಕಾಲದ ಹೆಸರಾಂತ ಸಂಗೀತ ನಿರ್ದೇಶಕ ಸಿ.ಆರ್.ಸುಬ್ಬರಾಮನ್ ಅವರ ಬಳಗ. ಮುಂದೆ ತಮಿಳು ಚಿತ್ರಸಂಗೀತವನ್ನು ಆಳಿದ ಎಂ.ಎಸ್.ವಿಶ್ವನಾಥನ್ ಮತ್ತು ಟಿ.ಕೆ.ರಾಮಮೂರ್ತಿ ಇದ್ದದ್ದೂ ಅದೇ ಬಳಗದಲ್ಲಿ. 1952ರಲ್ಲಿ ಸುಬ್ಬರಾಮನ್ ಅಕಾಲದಲ್ಲಿ ತೀರಿಕೊಂಡರು. ವಿಶ್ವನಾಥನ್-ರಾಮಮೂರ್ತಿ ಜೋಡಿಯಾಗಿ ಬೆಳೆದರು, ವೆಂಕಟೇಶ್ ಅವರಿಗೆ ಸಹಾಯಕರಾಗಿ ದುಡಿದರು.

ಸಹಾಯಕನ ಕೆಲಸವೆಂದರೆ ಸುಲಭದ್ದಲ್ಲ. ನಿರ್ದೇಶಕರು ಗುನುಗಿದ ರಾಗವನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳಬೇಕು, ವಾದ್ಯಗಾರರಿಗೆ ಹಂಚಬೇಕು, ಗಾಯಕರಿಗೆ ಪಾಠ ಹೇಳಿಕೊಡಬೇಕು. ಹೆಸರು ಮಾತ್ರ ಪರದೆಯ ಮೇಲೆ ಸಣ್ಣಕ್ಷರದಲ್ಲಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಆ ಶ್ರಮ ಏನೆಂದು ಸ್ವತಃ ಅನುಭವಿಸಿದವರು ವೆಂಕಟೇಶ್.

ಕನ್ನಡಕ್ಕೆ ಬಂದರು, ಕನ್ನಡದವರೇ ಆದರು

1950ರ ದಶಕದ ಮಧ್ಯಭಾಗದಲ್ಲಿ ಕನ್ನಡ ಚಿತ್ರರಂಗ ಇನ್ನೂ ಅಂಬೆಗಾಲಿಡುತ್ತಿತ್ತು. 1956ರಲ್ಲಿ ತೆರೆಕಂಡ 'ಓಹಿಲೇಶ್ವರ' ಚಿತ್ರಕ್ಕೆ ವೆಂಕಟೇಶ್ ಸಂಗೀತ ನೀಡಿದರು. ಗುಬ್ಬಿ ಕಂಪನಿಯ ರಂಗಭೂಮಿಯಿಂದ ಬಂದಿದ್ದ ರಾಜ್‌ಕುಮಾರ್ ಸಿನಿಮಾಕ್ಕಾಗಿ ದನಿ ನೀಡಿದ್ದು ಆ ಚಿತ್ರದಲ್ಲೇ. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್.ಜಾನಕಿ ಅವರೊಂದಿಗೆ ರಾಜ್ ಒಂದು ಯುಗಳಗೀತೆ ಹಾಡಿದರು. ಅದಕ್ಕೂ ಸಂಗೀತ ವೆಂಕಟೇಶ್ ಅವರದ್ದೇ. ಆ ಬಳಿಕ ಪಿ.ಬಿ.ಶ್ರೀನಿವಾಸ್ ಅವರ ಮೃದು ಕಂಠ ರಾಜ್ ಅವರ ಧ್ವನಿಯಾಗಿ ನೆಲೆಯಾಯಿತು. ನಟ ರಾಜ್ ಬೆಳೆಯುತ್ತಾ ಹೋದರು, ಗಾಯಕ ರಾಜ್ ಒಂದೂವರೆ ದಶಕ ಕಾಯಬೇಕಾಯಿತು.

ಹುಟ್ಟಿನಿಂದ ಕನ್ನಡಿಗರಲ್ಲದ ವೆಂಕಟೇಶ್ ಕನ್ನಡ ಕಾವ್ಯವನ್ನು ಮುಟ್ಟಿದ ರೀತಿ ಮಾತ್ರ ಬೆರಗು ಮೂಡಿಸುವಂಥದ್ದು. 1963ರ 'ಕುಲವಧು' ಚಿತ್ರದಲ್ಲಿ ದ.ರಾ.ಬೇಂದ್ರೆಯವರ ಯುಗಾದಿ ಕವನಕ್ಕೆ ಅವರು ರಾಗ ಹಾಕಿದರು, ಜಾನಕಿ ಹಾಡಿದರು. ಇಂದಿಗೂ ಯುಗಾದಿ ಬಂತೆಂದರೆ ರೇಡಿಯೊ, ಟೀವಿಗಳಲ್ಲಿ ಆ ಹಾಡು ಕೇಳದೆ ಹಬ್ಬ ಪೂರ್ತಿಯಾಗದು. ಅದೇ ವರ್ಷದ 'ಗೌರಿ' ಚಿತ್ರದಲ್ಲಿ ಕುವೆಂಪು ಮತ್ತು ಕೆ.ಎಸ್.ನರಸಿಂಹಸ್ವಾಮಿ ಅವರ ಕವನಗಳು ಹಾಡುಗಳಾದವು. ಪುಸ್ತಕದಲ್ಲಿದ್ದ ಸಾಲುಗಳು ಅಕ್ಷರ ಬಾರದವರ ಬಾಯಲ್ಲೂ ನಲಿದಾಡಿದವು. ಕವಿಯ ಮಾತು ಮುಂದೆ, ವಾದ್ಯಗಳು ಹಿಂದೆ ಎಂಬುದು ಆ ಹಾಡುಗಳನ್ನು ಕೇಳಿದರೇ ಗೊತ್ತಾಗುತ್ತದೆ.

ಪುಣೆಯ ದನಿ, ಮದರಾಸಿನ ರಾಗ

ಪುಣೆಯ ಕನ್ನಡಿಗರಿಗೆ ವೆಂಕಟೇಶ್ ಹತ್ತಿರವಾಗಲು ಇನ್ನೊಂದು ಕಾರಣವಿದೆ. 1966ರಲ್ಲಿ ಅ.ನ.ಕೃಷ್ಣರಾಯರ ಕಾದಂಬರಿ ಆಧರಿಸಿ 'ಸಂಧ್ಯಾರಾಗ' ಚಿತ್ರ ಬಂತು. ಸಂಗೀತವನ್ನೇ ಉಸಿರಾಗಿಸಿಕೊಂಡ ಗಾಯಕನ ಪಾತ್ರ ರಾಜ್‌ಕುಮಾರ್ ಅವರದ್ದು. ಇಂಥ ಕಥೆಗೆ ಸಿನಿಮಾ ಗಾಯಕರಷ್ಟೇ ಸಾಲುವುದಿಲ್ಲ. ಕರ್ನಾಟಕ ಸಂಗೀತದ ದಿಗ್ಗಜ ಎಂ.ಬಾಲಮುರಳಿಕೃಷ್ಣ ಮತ್ತು ಹಿಂದೂಸ್ತಾನಿಯ ಪಂಡಿತ್ ಭೀಮಸೇನ ಜೋಶಿ, ಇಬ್ಬರ ಕಂಠವೂ ಒಂದೇ ಚಿತ್ರದಲ್ಲಿ ಕೇಳಿಬಂತು.

ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿ, ಕುಂದಗೋಳದಲ್ಲಿ ಸವಾಯಿ ಗಂಧರ್ವರಿಂದ ವಿದ್ಯೆ ಕಲಿತು, ಪುಣೆಯನ್ನೇ ಮನೆ ಮಾಡಿಕೊಂಡವರು ಭೀಮಸೇನರು. ನಿಗಡಿಯಿಂದ ಪುಣೆ ನಗರಕ್ಕೆ ಸುಮಾರು 20 ಕಿ.ಮೀ. ದೂರ. ಸವಾಯಿ ಗಂಧರ್ವ ಮಹೋತ್ಸವಕ್ಕೆ ಹೋಗಿ ಭೀಮಸೇನರನ್ನು ಎದುರಿಗೆ ಕೂತು ಕೇಳಿದ ಹಿರಿಯರು ಈ ಭಾಗದಲ್ಲಿ ಈಗಲೂ ಇದ್ದಾರೆ. ಅದೇ ದನಿ ಕನ್ನಡ ಸಿನಿಮಾದಲ್ಲಿ ನಾದದೇವತೆಗೆ ಶರಣಾಗುವುದನ್ನು ಕೇಳಿದಾಗ ಅವರಿಗೆ ಆಗುವ ಖುಷಿಯೇ ಬೇರೆ.

ಬಾಂಡ್ ಚಿತ್ರಕ್ಕೂ ಸೈ, ಬಂಗಾರದ ಮನುಷ್ಯನಿಗೂ ಸೈ

ಭಕ್ತಿ, ಶಾಸ್ತ್ರೀಯ, ಭಾವಗೀತೆ ಇಷ್ಟಕ್ಕೇ ವೆಂಕಟೇಶ್ ನಿಲ್ಲಲಿಲ್ಲ. 1968ರಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ' ಮೂಲಕ ಕನ್ನಡಕ್ಕೆ ಜೇಮ್ಸ್ ಬಾಂಡ್ ಮಾದರಿಯ ಸಿಐಡಿ 999ನನ್ನು ಕರೆತಂದಿತು. 'ಗೋವಾದಲ್ಲಿ ಸಿಐಡಿ 999', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕಕ್ಕೂ ಸಂಗೀತ ವೆಂಕಟೇಶ್ ಅವರದ್ದೇ. ಪಾಶ್ಚಾತ್ಯ ತಾಳ, ಗಿಟಾರ್, ತುತ್ತೂರಿಗಳ ಅಬ್ಬರ ಕನ್ನಡ ಪ್ರೇಕ್ಷಕರಿಗೆ ಹೊಸ ರುಚಿ ತೋರಿಸಿತು. ಕೊನೆಯ ಚಿತ್ರದಲ್ಲಿ ರಾಜ್ ಹಾಡಿದ ಇಂಗ್ಲಿಷ್ ಹಾಡು ಇಂದಿನ ಹುಡುಗರ ಮೊಬೈಲ್‌ಗಳಲ್ಲೂ ಓಡಾಡುತ್ತಿದೆ.

ಇದೇ ವ್ಯಕ್ತಿ 1971ರ 'ಕಸ್ತೂರಿ ನಿವಾಸ'ಕ್ಕೆ, 1972ರ 'ಬಂಗಾರದ ಮನುಷ್ಯ'ಕ್ಕೆ, 1974ರ 'ಭೂತಯ್ಯನ ಮಗ ಅಯ್ಯು' ಚಿತ್ರಕ್ಕೂ ಸಂಗೀತ ನೀಡಿದವರು ಎಂದರೆ ನಂಬುವುದು ಕಷ್ಟ. ಕಲ್ಲುಭೂಮಿಯನ್ನು ಹಸನು ಮಾಡುವ ರಾಜೀವನ ಹಾಡು ಕೇಳಿ ಓದು ಮುಗಿಸಿದ ಯುವಕರು ಹಳ್ಳಿಗೆ ಮರಳಿ ನೇಗಿಲು ಹಿಡಿದರು ಎಂಬ ಮಾತು ನಾಡಿನಲ್ಲಿ ಇಂದಿಗೂ ಜನಜನಿತ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಆ ಚಿತ್ರದ ಯಶಸ್ಸಿನಲ್ಲಿ ಹಾಡುಗಳ ಪಾಲು ದೊಡ್ಡದು.

ಆ ದಿನಗಳಲ್ಲಿ ಹಿನ್ನೆಲೆ ಸಂಗೀತ ಮಾಡುವುದೆಂದರೆ ಈಗಿನಂತೆ ಕಂಪ್ಯೂಟರ್ ಮುಂದೆ ಕೂರುವ ಕೆಲಸವಾಗಿರಲಿಲ್ಲ. ರೀರೆಕಾರ್ಡಿಂಗ್ ಥಿಯೇಟರಿನಲ್ಲಿ ಚಿತ್ರವನ್ನು ರೀಲು ರೀಲಾಗಿ ಪರದೆಗೆ ಬಿಡುತ್ತಿದ್ದರು. ದೃಶ್ಯ ಎಷ್ಟು ಸೆಕೆಂಡು, ಪಾತ್ರ ಎಲ್ಲಿ ಮಾತು ನಿಲ್ಲಿಸುತ್ತದೆ, ಎಲ್ಲಿ ತಿರುಗಿ ನೋಡುತ್ತದೆ ಎಂಬುದನ್ನು ಲೆಕ್ಕ ಹಾಕಿ ಸಂಗೀತ ಬರೆಯಬೇಕಿತ್ತು. ವಾದ್ಯಗಾರರೆಲ್ಲ ಒಟ್ಟಿಗೆ ಕೂತು ಪರದೆ ನೋಡಿಕೊಂಡೇ ನುಡಿಸಬೇಕಿತ್ತು. ಒಬ್ಬರು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿನಿಂದ ಶುರು. ಇಡೀ ಚಿತ್ರ ಮುಗಿಸಲು ಸಿಗುತ್ತಿದ್ದದ್ದು ಕೆಲವೇ ದಿನ. ಅಂಥ ಇಕ್ಕಟ್ಟಿನಲ್ಲಿ ನೂರಕ್ಕೂ ಹೆಚ್ಚು ಕನ್ನಡ ಚಿತ್ರಗಳನ್ನು ಮುಗಿಸಿಕೊಟ್ಟವರು ವೆಂಕಟೇಶ್.

ಎಮ್ಮೆ ಮೇಲಿನ ಆ ಒಂದು ಹಾಡು

1974ರಲ್ಲಿ ಪಿ.ಬಿ.ಧುತ್ತರಗಿ ಅವರ ನಾಟಕ ಆಧರಿಸಿದ 'ಸಂಪತ್ತಿಗೆ ಸವಾಲ್' ತಯಾರಾಗುತ್ತಿತ್ತು. ಹೀರೊ ಎಮ್ಮೆ ಮೇಲೆ ಕುಳಿತು ಹಾಡುವ ಹಾಡೊಂದಿತ್ತು. ಧ್ವನಿಮುದ್ರಣದ ಹೊತ್ತಿಗೆ ಪಿ.ಬಿ.ಶ್ರೀನಿವಾಸ್ ಲಭ್ಯರಿರಲಿಲ್ಲ ಎಂಬುದು ಚಿತ್ರರಂಗದಲ್ಲಿ ಪ್ರಚಲಿತದಲ್ಲಿರುವ ಕಥೆ. ಆ ಹಾಡನ್ನು ರಾಜ್ ಅವರಿಂದಲೇ ಹಾಡಿಸಲಾಯಿತು.

ಅದೊಂದು ದೊಡ್ಡ ಜೂಜು. ರಾಜ್ ಆಗಲೇ ಕನ್ನಡದ ಅತಿದೊಡ್ಡ ನಟ. ಪಿಬಿಎಸ್ ದನಿಗೆ ಜನ ಒಗ್ಗಿಹೋಗಿದ್ದರು. ಹಾಡು ಕೈಕೊಟ್ಟಿದ್ದರೆ ಹೊಣೆ ಸಂಗೀತ ನಿರ್ದೇಶಕರ ತಲೆಗೇ ಬರುತ್ತಿತ್ತು. ಆದರೆ ಹಾಡು ನಾಡಿನ ಮೂಲೆಮೂಲೆ ಮುಟ್ಟಿತು. ಅಲ್ಲಿಂದ ಮುಂದೆ ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. 1992ರ 'ಜೀವನ ಚೈತ್ರ' ಚಿತ್ರದ ಹಾಡಿಗೆ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿಯೂ ಅವರಿಗೆ ಒಲಿಯಿತು. ಆ ಚಿತ್ರದ ಸಂಗೀತ ಉಪೇಂದ್ರ ಕುಮಾರ್ ಅವರದ್ದು. ಆದರೆ ಆ ಹಾದಿಯ ಬಾಗಿಲು ತೆರೆದದ್ದು 1974ರಲ್ಲಿ, ವೆಂಕಟೇಶ್ ಅವರ ಧ್ವನಿಮುದ್ರಣ ಕೋಣೆಯಲ್ಲಿ.

ಕಾಶಿಯಿಂದ ಬಂದ ಸನಾದಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಮದುವೆ ಎಂದರೆ ಸನಾದಿ ಊದಲೇಬೇಕು. ಹಳ್ಳಿಯ ಸನಾದಿ ವಾದಕನ ಬದುಕನ್ನು ಹೇಳುವ ಕೃಷ್ಣಮೂರ್ತಿ ಪುರಾಣಿಕ ಅವರ ಕಥೆ 1977ರಲ್ಲಿ 'ಸನಾದಿ ಅಪ್ಪಣ್ಣ' ಚಿತ್ರವಾಯಿತು. ತೆರೆಯ ಮೇಲೆ ಅಪ್ಪಣ್ಣನಾದವರು ರಾಜ್‌ಕುಮಾರ್. ಅವರ ತುಟಿಯ ಮೇಲಿನ ಸನಾದಿಗೆ ನಾದವಾದವರು ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನ್.

ಅಷ್ಟು ದೊಡ್ಡ ಕಲಾವಿದ ಬಂದಾಗ ಸಂಗೀತ ನಿರ್ದೇಶಕನಿಗೆ ಎರಡು ದಾರಿ. ತನ್ನ ವಾದ್ಯವೃಂದವನ್ನು ಮೆರೆಸುವುದು ಒಂದು, ಸುಮ್ಮನೆ ಬದಿಗೆ ಸರಿಯುವುದು ಇನ್ನೊಂದು. ವೆಂಕಟೇಶ್ ಎರಡನೆಯದನ್ನು ಆರಿಸಿಕೊಂಡರು. ಶಹನಾಯಿ ಮತ್ತು ಜಾನಕಿ ಅವರ ಕಂಠ ಒಂದಕ್ಕೊಂದು ಮಾತಾಡುವ ಆ ಹಾಡಿನಲ್ಲಿ ಉಳಿದ ವಾದ್ಯಗಳು ಎಷ್ಟು ಬೇಕೋ ಅಷ್ಟೇ ಕೇಳಿಸುತ್ತವೆ. ಅರ್ಧ ಶತಮಾನದ ಸಮೀಪ ಬಂದರೂ ಆ ಹಾಡು ಹಳತಾಗದಿರಲು ಇದೂ ಒಂದು ಕಾರಣ.

ಗಿಟಾರ್ ಹಿಡಿದು ಬಂದ ಶಿಷ್ಯ

1960ರ ದಶಕದ ಕೊನೆಯಲ್ಲಿ ತಮಿಳುನಾಡಿನ ಪಣ್ಣೈಪುರಂ ಎಂಬ ಹಳ್ಳಿಯಿಂದ ಮದರಾಸಿಗೆ ಬಂದ ಯುವಕನೊಬ್ಬ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿಯುತ್ತಿದ್ದ. ಅವನನ್ನು ವೆಂಕಟೇಶ್ ಗಿಟಾರ್ ವಾದಕನಾಗಿ, ಸಹಾಯಕನಾಗಿ ಸೇರಿಸಿಕೊಂಡರು. ಆತನೇ ಇಳಯರಾಜ. ವೆಂಕಟೇಶ್ ಬಳಿ ಅವರು ಕೆಲಸ ಮಾಡಿದ ಚಿತ್ರಗಳ ಸಂಖ್ಯೆ 200ರ ಆಸುಪಾಸು. ಅದರಲ್ಲಿ ಬಹುಪಾಲು ಕನ್ನಡದವು. 1976ರಲ್ಲಿ 'ಅನ್ನಕ್ಕಿಳಿ' ತೆರೆಕಂಡಾಗ ತಮಿಳುನಾಡು ಬೆಚ್ಚಿ ಬಿದ್ದು ನೋಡಿದ ಆ ಹೊಸ ಸಂಗೀತ ನಿರ್ದೇಶಕ ಕನ್ನಡ ಚಿತ್ರಗಳ ರೀರೆಕಾರ್ಡಿಂಗ್‌ನಲ್ಲಿ ಪಳಗಿ ಬಂದವರಾಗಿದ್ದರು.

ಎಲ್.ವೈದ್ಯನಾಥನ್ ಕೂಡ ವೆಂಕಟೇಶ್ ಬಳಿ ಸಹಾಯಕರಾಗಿದ್ದವರು. ಮುಂದೆ ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಅವರು ಕೊಟ್ಟ ರಾಗ ದೇಶದ ಮನೆಮನೆಗೂ ತಲುಪಿತು. ಮಣಿರತ್ನಂ ಅವರ ಮೊದಲ ಚಿತ್ರ, ಕನ್ನಡದ 'ಪಲ್ಲವಿ ಅನುಪಲ್ಲವಿ'ಗೆ 1983ರಲ್ಲಿ ಇಳಯರಾಜ ಕೊಟ್ಟ ರಾಗ ಎಷ್ಟೋ ವರ್ಷಗಳ ನಂತರ ಮೊಬೈಲ್ ಕಂಪನಿಯೊಂದರ ಜಾಹೀರಾತಿಗೂ ಬಳಕೆಯಾಯಿತು.

ಗುರು ಶಿಷ್ಯನ ತಂಡದಲ್ಲಿ

ಚಿತ್ರರಂಗದಲ್ಲಿ ಕಾಲ ಯಾರಿಗೂ ಕಾಯುವುದಿಲ್ಲ. 80ರ ದಶಕದಲ್ಲಿ ಕನ್ನಡ ಚಿತ್ರಸಂಗೀತದ ಧಾಟಿ ಬದಲಾಯಿತು. 1987ರ 'ಪ್ರೇಮಲೋಕ'ದ ಬಳಿಕ ಹಂಸಲೇಖ ಅವರ ಯುಗವೇ ಶುರುವಾಯಿತು. ವೆಂಕಟೇಶ್ ಅವರಿಗೆ ಅವಕಾಶಗಳು ಕಡಿಮೆಯಾದವು. ಕೊನೆಯ ವರ್ಷಗಳಲ್ಲಿ ಅವರು ತಮ್ಮ ಶಿಷ್ಯ ಇಳಯರಾಜ ಅವರ ತಂಡದಲ್ಲೇ ಕೆಲಸ ಮಾಡಿದರು.

ಇದನ್ನು ಸೋಲು ಎಂದು ನೋಡುವವರೂ ಇದ್ದಾರೆ, ಶಿಷ್ಯ ಗುರುವಿಗೆ ಆಸರೆಯಾದ ಅಪರೂಪದ ಕಥೆ ಎನ್ನುವವರೂ ಇದ್ದಾರೆ. ಸಹಾಯಕನಾಗಿ ಶುರುವಾದ ಪಯಣ ಮತ್ತೆ ಸಹಾಯಕನ ಕುರ್ಚಿಗೇ ಬಂದು ನಿಂತಿತ್ತು ಎಂಬುದು ಮಾತ್ರ ಸತ್ಯ. ನಡುವೆ ಕನ್ನಡಿಗರ ಕಿವಿಯನ್ನೇ ರೂಪಿಸಿದ ಮೂರು ದಶಕಗಳಿದ್ದವು.

1993ರ ನವೆಂಬರ್ 17ರಂದು ವೆಂಕಟೇಶ್ ನಿಧನರಾದರು. ಆಗ ಅವರಿಗೆ 66 ವರ್ಷ. 2025ರ ಮಾರ್ಚ್‌ನಲ್ಲಿ ಇಳಯರಾಜ ಲಂಡನ್ನಿನಲ್ಲಿ ತಮ್ಮ ಸಿಂಫನಿ ಪ್ರಸ್ತುತಪಡಿಸಿದಾಗ ದೇಶವೇ ಹೆಮ್ಮೆಪಟ್ಟಿತು. ಆ ಸಂಭ್ರಮದಲ್ಲಿ, ಆ ಗಿಟಾರ್ ವಾದಕನಿಗೆ ಪಕ್ಕದಲ್ಲೊಂದು ಕುರ್ಚಿ ಹಾಕಿಕೊಟ್ಟವರನ್ನು ನೆನೆದವರು ಎಷ್ಟು ಮಂದಿಯೋ.

'ಕಸ್ತೂರಿ ನಿವಾಸ'ದ ನಾಯಕ ತನ್ನದೆಲ್ಲವನ್ನೂ ಕೊಟ್ಟು ಬರಿಗೈಯಾಗುತ್ತಾನೆ. 2014ರಲ್ಲಿ ಆ ಚಿತ್ರ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂದಾಗ, ಅದು ಮೊದಲ ಬಾರಿ ಬಿಡುಗಡೆಯಾದಾಗ ಹುಟ್ಟಿರದ ಮಕ್ಕಳೂ ಚಿತ್ರಮಂದಿರದಲ್ಲಿ ಕಣ್ಣೊರೆಸಿಕೊಂಡರು. ಕೊಡುಗೈ ದೊರೆಯ ಆ ಕಥೆಗೆ ಸಂಗೀತ ಕೊಟ್ಟವರ ಬದುಕೂ ಹೆಚ್ಚುಕಡಿಮೆ ಹಾಗೆಯೇ ಇತ್ತು.

ನಿಗಡಿಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಮುಂದಿನ ಸಲ ಯಾರಾದರೂ ಈಗ ಏನು ಕೇಳುತ್ತಿದ್ದೀರಿ ಎಂದು ವಿಚಾರಿಸಿದರೆ 'ಸನಾದಿ ಅಪ್ಪಣ್ಣ'ನ ಶಹನಾಯಿಯನ್ನು ಒಮ್ಮೆ ಹಾಕಿ ನೋಡಿ. ಬಿಸ್ಮಿಲ್ಲಾ ಖಾನರ ಹೆಸರಿನ ಜೊತೆಗೆ ಜಿ.ಕೆ.ವೆಂಕಟೇಶ್ ಅವರ ಹೆಸರನ್ನೂ ಹೇಳಿ.