ಅಕ್ಷರ ಬಾರದ ಸಿರಿಯಜ್ಜಿಯ ಸಾವಿರಾರು ಹಾಡು

ಚಳ್ಳಕೆರೆ ಅಂದ್ರೆ ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಕುದಾಪುರದ ಐಐಎಸ್‌ಸಿ ಕ್ಯಾಂಪಸ್, ಡಿಆರ್‌ಡಿಒ ನೆನಪಾಗುತ್ತೆ. ಮನೆಯಲ್ಲಿ ದೊಡ್ಡವರನ್ನು ಕೇಳಿದ್ರೆ ಎಣ್ಣೆ ಮಿಲ್ಲುಗಳ ಊರು ಅಂತಾರೆ. ಅದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಹೆಸರು ನಾನು ಕೇಳಿದ್ದು ಇತ್ತೀಚೆಗೆ.

ಸಿರಿಯಜ್ಜಿ ಕಾಡುಗೊಲ್ಲ ಸಮುದಾಯದವರು. ಕುರಿ, ದನ ಸಾಕಿ ಬದುಕಿದ ಜನ. ಅಜ್ಜಿಗೆ ಓದು, ಬರಹ ಬರುತ್ತಿರಲಿಲ್ಲ. ಆದರೆ ಸಾವಿರಾರು ಹಾಡುಗಳು ಬರುತ್ತಿದ್ದವು. ಜುಂಜಪ್ಪ, ಎತ್ತಪ್ಪನಂಥ ಗೊಲ್ಲರ ವೀರರ ಕಥೆಗಳು, ಹೆಂಗಸರ ಸುಖ ದುಃಖದ ಹಾಡುಗಳು, ಎಲ್ಲಾ ಬಾಯಲ್ಲೇ ಇದ್ದವು.

ಇದು ಬರೀ ಬಾಯಿಪಾಠ ಅಂದ್ಕೋಬೇಡಿ. ಜನಪದದಲ್ಲಿ ಹಾಡುವವರೇ ಹಾಡು ಕಟ್ಟುವವರು ಕೂಡ. ಒಬ್ಬರು ಸಾಲು ಎತ್ತಿಕೊಡ್ತಾರೆ, ಜೊತೆಯವರು ಅದನ್ನೇ ಮತ್ತೆ ಹಾಡ್ತಾರೆ. ಅಷ್ಟರಲ್ಲಿ ಮುಂದಿನ ಸಾಲು ರೆಡಿ ಇರಬೇಕು. ನಾವು ಹೆಡ್‌ಫೋನ್ ಹಾಕ್ಕೊಂಡು ಮೆಚ್ಚೋ ಸಿಂಗರ್-ಸಾಂಗ್‌ರೈಟರ್‌ಗಳಿಗೆ ಪೇಪರ್ ಇರುತ್ತೆ, ಎರಡನೇ ಟೇಕ್ ಇರುತ್ತೆ. ಇಲ್ಲಿ ಎರಡೂ ಇಲ್ಲ.

ಇನ್ನೊಂದು ವಿಷಯ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಮೈಲಿಗೆ ಅಂತ ಹೊರಗೆ ಇಡುವ ಪದ್ಧತಿ ಇತ್ತು, ಪೂರ್ತಿ ಹೋಗಿಲ್ಲ. ಯಾವ ದೇವರ ಹೆಸರಲ್ಲಿ ಹೆಣ್ಣನ್ನು ಹೊರಗೆ ಕಳಿಸಿದರೋ, ಆ ದೇವರ ಕಥೆಯನ್ನು ಕಾಪಾಡಿದವರಲ್ಲಿ ಒಬ್ಬಳು ಹೆಣ್ಣುಮಗಳು!

ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವರು ಅಜ್ಜಿಯ ಹಾಡುಗಳನ್ನು ಕೇಳಿ ಬರೆದುಕೊಂಡರು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅಕ್ಷರ ಬಾರದವರಿಗೆ ಒಂದು ಯೂನಿವರ್ಸಿಟಿ ತಲೆಬಾಗಿತು. ಅಜ್ಜಿ ತೀರಿಕೊಂಡು ವರ್ಷಗಳೇ ಆದವು.

ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡೋವರೆಗೆ ಅವು ಸುಮಾರು 2,100 ವರ್ಷ ಬಂಡೆ ಮೇಲೆ ಸುಮ್ಮನೆ ಕಾದವು. ಬಂಡೆ ಕಾಯುತ್ತೆ, ಹಾಡು ಕಾಯಲ್ಲ. ಹಾಡಿದವರು ಹೋದರೆ ಅದೂ ಹೋಯ್ತು. ಸಿರಿಯಜ್ಜಿ ಬದುಕಿದ್ದಾಗಲೇ ಒಬ್ಬರು ಹೋಗಿ ಕೂತು ಕೇಳಿದ್ದಕ್ಕೆ ಅಷ್ಟು ಉಳಿಯಿತು.

ನಮ್ಮಜ್ಜಿ ಕೂಡ ಹಾಡ್ತಾರೆ. ನನ್ನ ಫೋನಲ್ಲಿ ಅವರ ಒಂದು ಹಾಡೂ ಇಲ್ಲ. ಈ ಸೆಮಿಸ್ಟರ್ ರಜೆಯಲ್ಲಿ ಮೊದಲ ಕೆಲಸ ಅದೇ. ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ.