ಕಾಣದ ಜೀವಿಗಳನ್ನು ಕಂಡ ಲೂಯಿ ಪಾಶ್ಚರ್

ಬಂಗಾರಪೇಟೆಯಿಂದ ಕೋಲಾರ, ಮುಳಬಾಗಿಲುಗಳ ಕಡೆಗೆ ಹೊರಟವರಿಗೆ ಅಲ್ಲಲ್ಲಿ ಹಿಪ್ಪುನೇರಳೆ ತೋಟಗಳು ಕಾಣಸಿಗುತ್ತವೆ. ಆ ಸೊಪ್ಪನ್ನು ತಿಂದು ಬೆಳೆಯುವ ರೇಷ್ಮೆಹುಳುವಿನ ಮೊಟ್ಟೆಗಳು ರೈತನ ಕೈಸೇರುವ ಮುನ್ನ ಬಿತ್ತನೆ ಕೋಠಿಯಲ್ಲಿ ಒಂದು ಪರೀಕ್ಷೆ ನಡೆಯುತ್ತದೆ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಅದರ ಒಂದು ತೊಟ್ಟು ದ್ರವವನ್ನು ಗಾಜಿನ ತುಂಡಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಂಡಾಕಾರದ ಹೊಳೆಯುವ ಕಣಗಳು ಕಂಡವೆಂದರೆ ಮುಗಿಯಿತು, ಆ ಚಿಟ್ಟೆಯ ಮೊಟ್ಟೆಗಳೆಲ್ಲವೂ ಬೆಂಕಿಯ ಪಾಲು. ಗಂಟುರೋಗವನ್ನು ತಾಯಿಯ ಹಂತದಲ್ಲಿಯೇ ತಡೆಯುವ ಈ ವಿಧಾನವನ್ನು ರೂಪಿಸಿಕೊಟ್ಟವರು ಲೂಯಿ ಪಾಶ್ಚರ್ ಎಂಬುದನ್ನು ನಮ್ಮ ರೈತರಲ್ಲಿ ಎಷ್ಟು ಮಂದಿ ಬಲ್ಲರೋ ತಿಳಿಯದು. ಹಾಲಿನ ಪೊಟ್ಟಣದ ಮೇಲೆ ಪಾಶ್ಚರೀಕರಿಸಿದ ಎಂಬ ಪದವನ್ನು ಓದುವ ನಮ್ಮ ಶಾಲಾಮಕ್ಕಳಿಗೂ ಅದರೊಳಗೆ ಒಬ್ಬ ಮನುಷ್ಯನ ಹೆಸರು ಅಡಗಿದೆಯೆಂಬುದು ಹೊಳೆಯುವುದು ಅಪರೂಪ. ಸೂಕ್ಷ್ಮಜೀವಿಗಳ ಪಾಠವನ್ನು ಓದುತ್ತಿರುವ ಮಕ್ಕಳಿರುವ ಮನೆಗಳಲ್ಲಿ ಈ ಮನುಷ್ಯನ ಬಾಳು ಪರಿಚಿತವಾಗಿರಲೆಂದು ಈ ವಾರದ ಬರಹ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಜೂರಾ ಬೆಟ್ಟಸೀಮೆಯ ಡೋಲ್ ಎಂಬ ಊರಿನಲ್ಲಿ. ತಂದೆ ಚರ್ಮ ಹದಮಾಡುವ ಕಾಯಕದವರು. ನೆಪೋಲಿಯನ್ನನ ಸೈನ್ಯದಲ್ಲಿ ಸೇವೆ ಸಲ್ಲಿಸಿ ಮರಳಿದವರು. ಬಾಲಕ ಲೂಯಿಗೆ ಓದಿಗಿಂತ ಚಿತ್ರ ಬರೆಯುವುದರಲ್ಲಿ ಹೆಚ್ಚು ಒಲವಿತ್ತು. ಮುಂದೆ ಪ್ಯಾರಿಸ್ಸಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಸಿಸಿ, 1848ರಲ್ಲಿ ಹರಳುಗಳ ರಚನೆಯನ್ನು ಕುರಿತ ಸಂಶೋಧನೆಯಿಂದ ಹೆಸರು ಪಡೆದರು. 1849ರಲ್ಲಿ ಮರೀ ಲೋರಾಂ ಎಂಬಾಕೆಯನ್ನು ವಿವಾಹವಾದರು. ಪತಿಯ ಟಿಪ್ಪಣಿಗಳನ್ನು ನಕಲು ಮಾಡುತ್ತ, ಪ್ರಯೋಗಗಳಲ್ಲಿ ನೆರವಾಗುತ್ತ ಆಕೆ ಕೊನೆಯವರೆಗೂ ಸಹಾಯಕಿಯಾಗಿ ಬಾಳಿದರು.

ಹಾಲು ಹುಳಿಯಾಗುವುದು, ದ್ರಾಕ್ಷಾರಸ ಕೆಡುವುದು ಕೇವಲ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕೆಲಸ ಎಂದು ಪಾಶ್ಚರ್ ತೋರಿಸಿದರು. ಆಗ ಒಂದು ಹಳೆಯ ಪ್ರಶ್ನೆ ಎದುರಾಯಿತು: ಈ ಜೀವಿಗಳು ಬರುವುದೆಲ್ಲಿಂದ? ಕೊಳೆತ ವಸ್ತುವಿನಲ್ಲಿ ಜೀವ ತಾನಾಗಿಯೇ ಹುಟ್ಟುತ್ತದೆಂಬುದು ಅರಿಸ್ಟಾಟಲನ ಕಾಲದಿಂದ ಬಂದ ನಂಬಿಕೆ. ನಮ್ಮ ಗುರುಮಠಗಳಲ್ಲಿ ಇಂದಿಗೂ ಆದರದಿಂದ ಓದಲ್ಪಡುವ ಸಂತ ಥಾಮಸ್ ಅಕ್ವಿನಾಸರೂ ಕ್ಷುದ್ರ ಪ್ರಾಣಿಗಳ ಮಟ್ಟಿಗೆ ಅದನ್ನು ಒಪ್ಪಿದ್ದರು. ಅದರಿಂದ ಅವರ ದೈವಶಾಸ್ತ್ರಕ್ಕೆ ಯಾವ ಕುಂದೂ ಉಂಟಾಗಲಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಈ ವಿಷಯ ಧರ್ಮ ಮತ್ತು ನಾಸ್ತಿಕತೆಗಳ ಜಗಳವಾಗಿ ಮಾರ್ಪಟ್ಟಿತ್ತು.

ಪಾಶ್ಚರ್ ಜಗಳವನ್ನು ಬದಿಗಿರಿಸಿ ಸೀಸೆಗಳನ್ನು ಕೈಗೆತ್ತಿಕೊಂಡರು. ಕುದಿಸಿ ಮುಚ್ಚಿದ ಪೋಷಕದ್ರವದ ಸೀಸೆಗಳನ್ನು 1860ರಲ್ಲಿ ಬೇರೆ ಬೇರೆ ಎತ್ತರಗಳಿಗೆ ಒಯ್ದು, ಅಲ್ಲಿನ ಗಾಳಿಗೆ ತೆರೆದು ಮತ್ತೆ ಮುಚ್ಚಿದರು. ಬೆಟ್ಟದ ಬುಡದಲ್ಲಿ ತೆರೆದ 20ರಲ್ಲಿ 8 ಕೆಟ್ಟವು. ಸುಮಾರು 850 ಮೀಟರ್ ಎತ್ತರದಲ್ಲಿ 20ರಲ್ಲಿ 5. ಆಲ್ಪ್ಸ್ ಪರ್ವತದ ಹಿಮನದಿಯ ಬಳಿ 20ರಲ್ಲಿ ಒಂದೇ ಒಂದು. ಗಾಳಿ ಎಲ್ಲೆಡೆಯೂ ಇದೆ, ಆದರೆ ಧೂಳಿನೊಡನೆ ತೇಲುವ ಜೀವಕಣಗಳು ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿಲ್ಲ. ಹಂಸದ ಕೊರಳಿನಂತೆ ಬಾಗಿದ ಕತ್ತಿನ ಸೀಸೆಯಲ್ಲಿ ಗಾಳಿಯಾಡಿದರೂ ಧೂಳು ಬಾಗಿನಲ್ಲಿಯೇ ತಂಗಿ, ದ್ರವ ಕೆಡದೆ ಉಳಿಯಿತು. 1864ರ ಏಪ್ರಿಲ್‌ನಲ್ಲಿ ಸೋರ್ಬೋನ್ ವಿದ್ಯಾಲಯದ ಸಭೆಯಲ್ಲಿ ಇದನ್ನು ವಿವರಿಸುವಾಗ, ಇದು ವಾಸ್ತವ ಸಂಗತಿಯ ಪ್ರಶ್ನೆ, ಆಸ್ತಿಕ ನಾಸ್ತಿಕ ವಾದಗಳಿಗೆ ಇಲ್ಲಿ ಸ್ಥಾನವಿಲ್ಲವೆಂದು ಅವರು ಸ್ಪಷ್ಟಪಡಿಸಿದರು. ವಿಶ್ವಾಸಿಯೊಬ್ಬನ ಬಾಯಿಂದ ಇದು ಬಂದುದು ಗಮನಾರ್ಹ. ದೇವರ ಪರವಾಗಿ ವಾದಿಸಲೆಂದು ಪ್ರಯೋಗದ ಫಲಿತಾಂಶವನ್ನು ಬಗ್ಗಿಸುವುದು ಭಕ್ತಿಯಲ್ಲವೆಂಬುದು ತತ್ತ್ವಶಾಸ್ತ್ರ ಓದಿದ ನನಗೂ ಸರಿಯೆನಿಸುತ್ತದೆ.

1865ರಲ್ಲಿ ಸರ್ಕಾರದ ಕರೆ ಬಂತು. ದಕ್ಷಿಣ ಫ್ರಾನ್ಸಿನ ರೇಷ್ಮೆಹುಳುಗಳು ರೋಗದಿಂದ ಸಾಯುತ್ತಿದ್ದವು. ಸಾವಿರಾರು ಕುಟುಂಬಗಳ ಅನ್ನಕ್ಕೆ ಕುತ್ತು ಬಂದಿತ್ತು. ಅದೇ ದಶಕದಲ್ಲಿ ನಮ್ಮ ಮೈಸೂರು ಸೀಮೆಯಲ್ಲಿಯೂ ಹುಳುಗಳು ಸಾಯತೊಡಗಿ, ಡಿ ವೆಕ್ಕಿ ಎಂಬ ಇಟಲಿಯವರು ಜಪಾನಿನಿಂದ ಹೊಸ ಮೊಟ್ಟೆಗಳನ್ನು ತರಿಸಿ ಉದ್ಯಮವನ್ನು ಉಳಿಸಲೆತ್ನಿಸಿದ್ದರು. ಅಂದಿನವರೆಗೆ ರೇಷ್ಮೆಹುಳುವನ್ನು ಮುಟ್ಟಿಯೂ ನೋಡಿರದಿದ್ದ ಪಾಶ್ಚರ್ ಜೂನ್ ತಿಂಗಳಲ್ಲಿ ಆಲೆಸ್ ಊರಿಗೆ ಹೋದರು. ಹೋದ ಕೆಲವೇ ದಿನಗಳಲ್ಲಿ ತಂದೆಯ ಸಾವಿನ ಸುದ್ದಿ. ಸೆಪ್ಟೆಂಬರ್‌ನಲ್ಲಿ ಎರಡು ವರ್ಷದ ಮಗಳು ಕಮೀಲ್ ತೀರಿಕೊಂಡಳು. ಮರುವರ್ಷ ಮೇ ತಿಂಗಳಲ್ಲಿ ಹನ್ನೆರಡರ ಹರೆಯದ ಸೆಸೀಲ್ ಟೈಫಾಯಿಡ್ ಜ್ವರಕ್ಕೆ ಬಲಿಯಾದಳು. ಹಿರಿಯ ಮಗಳು ಜಾನ್ 1859ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, ಇದೇ ಜ್ವರದಿಂದ ಅಗಲಿದ್ದಳು. ಐವರು ಮಕ್ಕಳಲ್ಲಿ ಮೂವರು ಮಣ್ಣಾದರು.

ಟೈಫಾಯಿಡ್ ಕ್ರಿಮಿ ಮಲಿನವಾದ ನೀರು, ಆಹಾರಗಳ ಮೂಲಕ ಬಾಯಿಯನ್ನು ಸೇರಿ, ಸಣ್ಣ ಕರುಳಿನ ಗೋಡೆಯನ್ನು ದಾಟಿ ರಕ್ತದಲ್ಲಿ ಹರಡುತ್ತದೆಂದು ಇಂದು ಶಾಲೆಯ ಮಗುವೂ ಹೇಳಬಲ್ಲದು. ಜಾನ್ ಮತ್ತು ಸೆಸೀಲರ ಹಾಸಿಗೆಯ ಬಳಿ ಕುಳಿತಿದ್ದ ತಂದೆಗೆ ಅದು ತಿಳಿದಿರಲಿಲ್ಲ. ಆ ಕ್ರಿಮಿಯನ್ನು ಜರ್ಮನಿಯ ಎಬರ್ತ್ ಗುರುತಿಸಿದ್ದು 1880ರಲ್ಲಿ.

ಸೆಸೀಲಳ ಅಂತ್ಯಸಂಸ್ಕಾರದ ನಂತರ ಪಾಶ್ಚರ್ ಮತ್ತೆ ಹುಳುಗಳ ಬಳಿಗೆ ಮರಳಿದರು. ಪತ್ನಿಯೂ ಉಳಿದ ಮಗಳು ಮರೀ ಲೂಯಿಸಳೂ ಹುಳು ಸಾಕುವುದನ್ನು ಕಲಿತು ಜೊತೆಗೂಡಿದರು. ಆ ಹೊಳೆಯುವ ಕಣಗಳು ಪರಾವಲಂಬಿ ಜೀವಿಗಳಲ್ಲವೆಂದೇ ಪಾಶ್ಚರ್ ಮೊದಮೊದಲು ತಿಳಿದಿದ್ದರು. ಪುರಾವೆ ಎದುರಾದಾಗ ಅಭಿಪ್ರಾಯವನ್ನು ಬದಲಿಸಿದರು. ಗಂಟುರೋಗವಲ್ಲದೆ ಸಪ್ಪೆರೋಗ ಎಂಬ ಇನ್ನೊಂದು ಬೇರೆ ರೋಗವೂ ಇದೆಯೆಂಬುದನ್ನೂ ಬಿಡಿಸಿ ತೋರಿಸಿದರು. 1868ರ ಅಕ್ಟೋಬರ್‌ನಲ್ಲಿ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಶಕ್ತಿಗುಂದಿದವು. ಆಗ ಅವರಿಗೆ ನಲವತ್ತೈದು. ಅವರ ಅತಿ ದೊಡ್ಡ ಕೆಲಸಗಳೆಲ್ಲವೂ ಆ ನಂತರದವು.

ಹುಳುವಿಗೆ ರೋಗ ತರುವ ಸೂಕ್ಷ್ಮಜೀವಿಯಿದ್ದರೆ ಮನುಷ್ಯನಿಗೂ ಇರಬೇಕಲ್ಲವೇ? ಈ ತರ್ಕದಿಂದ ಜರ್ಮನಿಯಲ್ಲಿ ಕಾಖ್, ಫ್ರಾನ್ಸಿನಲ್ಲಿ ಪಾಶ್ಚರ್ ಮುಂದುವರಿದರು. ಕ್ಷಯರೋಗದ ಕ್ರಿಮಿಯನ್ನು ಕಾಖ್ 1882ರಲ್ಲಿ ಪ್ರಕಟಪಡಿಸಿದರು. ಇಲ್ಲಿ ಕೆ.ಜಿ.ಎಫ್. ಮಕ್ಕಳಿಗೆ ಒಂದು ಮಾತು. ಎಲ್ಲ ರೋಗವೂ ಕ್ರಿಮಿಯಿಂದಲ್ಲ. ನಿಮ್ಮ ಅಜ್ಜಂದಿರು ಗಣಿಯಾಳದಲ್ಲಿ ಉಸಿರಾಡಿದ ಕಲ್ಲಿನ ಧೂಳು ಶ್ವಾಸಕೋಶದ ಗಾಳಿಚೀಲಗಳಲ್ಲಿ ನೆಲೆಸಿ ಸಿಲಿಕೋಸಿಸ್ ತಂದಿತು. ಅದು ಕ್ರಿಮಿಯಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ. ಆದರೆ ಹಾಗೆ ಗಾಯಗೊಂಡ ಶ್ವಾಸಕೋಶದಲ್ಲಿ ಕ್ಷಯದ ಕ್ರಿಮಿ ಸುಲಭವಾಗಿ ಬೇರೂರುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಆ ಕೆಮ್ಮು ಎಷ್ಟೋ ಮನೆಗಳಲ್ಲಿ ಉಳಿದಿತ್ತು.

1885ರ ಜುಲೈ 6ರಂದು ಅಲ್ಸಾಸ್ ಪ್ರಾಂತ್ಯದ ತಾಯಿಯೊಬ್ಬಳು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಮಗ ಜೋಸೆಫ್ ಮೈಸ್ಟರನನ್ನು ಕರೆತಂದಳು. ಪಾಶ್ಚರ್ ವೈದ್ಯರಲ್ಲ, ಆದ್ದರಿಂದ ಗ್ರಾಂಷೇ ಎಂಬ ವೈದ್ಯರು ಚುಚ್ಚುಮದ್ದು ನೀಡಿದರು, ಒಟ್ಟು ಹದಿಮೂರು. ಬಾಲಕ ಬದುಕಿದನು. ಅದೇ ವರ್ಷ, ಕಚ್ಚಿ ತಿಂಗಳಿಗೂ ಮೀರಿದ ಮೇಲೆ ಬಂದ ಲೂಯಿಸ್ ಪೆಲ್ಲೆತಿಯೇ ಎಂಬ ಬಾಲಕಿಯನ್ನು, ಕಾಲ ಮೀರಿತೆಂದು ತಿಳಿದೂ, ತಂದೆತಾಯಿಯರ ಮೊರೆಗೆ ಓಗೊಟ್ಟು ಅವರು ಸ್ವೀಕರಿಸಿದರು. ಆಕೆ ಉಳಿಯಲಿಲ್ಲ. ನಮ್ಮ ನಾಡಿಗೆ ಈ ಮದ್ದು ಬಂದ ದಾರಿಗಳಲ್ಲಿ 1907ರಲ್ಲಿ ಕೂನೂರಿನಲ್ಲಿ ಆರಂಭವಾದ ಪಾಶ್ಚರ್ ಸಂಸ್ಥೆಯೂ ಒಂದು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂದು ಹಿರಿಯರು ಇಂದಿಗೂ ಭಯದಿಂದ ನೆನೆಯುವ ಹಳೆಯ ಲಸಿಕೆ ಈ ಶತಮಾನದ ಆರಂಭದಲ್ಲಿಯೇ ನಿಂತುಹೋಗಿದೆ. ಈಗಿನದು ತೋಳಿಗೆ ಕೆಲವೇ ಚುಚ್ಚು. ನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಮಂತ್ರಿಸಿದ ನೀರು, ಸೊಪ್ಪಿನ ರಸ ಎಂದು ದಿನ ಕಳೆಯಬಾರದು. ಹರಕೆಯನ್ನು ಚುಚ್ಚುಮದ್ದಿನ ನಂತರವೂ ತೀರಿಸಬಹುದು.

ರೈಲಿನಲ್ಲಿ ಜಪಸರ ಹಿಡಿದು ಕುಳಿತ ವೃದ್ಧ ಪಾಶ್ಚರರನ್ನು ಯುವಕನೊಬ್ಬ ಹೀಯಾಳಿಸಿದ ಕಥೆ ನಮ್ಮ ಧರ್ಮೋಪದೇಶಗಳಲ್ಲಿ ಆಗಾಗ ಕೇಳಿಬರುತ್ತದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಅವರನ್ನು ಸಂತರನ್ನಾಗಿಸುವ ಅಗತ್ಯವೂ ಇಲ್ಲ. ವಾದದಲ್ಲಿ ಅವರು ಕಟುವಾಗಿದ್ದರು. 1881ರಲ್ಲಿ ಕುರಿಗಳ ನೆರಡಿ ರೋಗದ ಲಸಿಕೆಯನ್ನು ಬಹಿರಂಗವಾಗಿ ಪರೀಕ್ಷಿಸಿದಾಗ ಅದನ್ನು ತಯಾರಿಸಿದ ವಿಧಾನವನ್ನು ಪೂರ್ಣವಾಗಿ ಹೊರಗೆಡಹಲಿಲ್ಲವೆಂಬುದು ಅವರ ಸ್ವಂತ ಟಿಪ್ಪಣಿ ಪುಸ್ತಕಗಳಿಂದಲೇ ಬೆಳಕಿಗೆ ಬಂದಿದೆ. ಮಕ್ಕಳಿಗೆ ಹೇಳುವಾಗ ಇದನ್ನೂ ಹೇಳಬೇಕು.

1895ರ ಸೆಪ್ಟೆಂಬರ್ 28ರಂದು, ಒಂದು ಕೈಯಲ್ಲಿ ಶಿಲುಬೆ, ಇನ್ನೊಂದು ಪತ್ನಿಯ ಕೈಯಲ್ಲಿರಲು, ಅವರು ಪ್ರಾಣಬಿಟ್ಟರು. ಅಂತ್ಯಕ್ರಿಯೆಯ ಪೂಜೆ ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ನಡೆಯಿತು. ಮರುವರ್ಷ ಜನವರಿಯಲ್ಲಿ ಪಾರ್ಥಿವ ಶರೀರವನ್ನು ಅವರ ಸಂಸ್ಥೆಯ ನೆಲಮಾಳಿಗೆಗೆ ತಂದಿರಿಸಿದರು. ಸಮಾಧಿಯ ಮೇಲಿನ ಕಮಾನಿನಲ್ಲಿ ಬಣ್ಣದ ಕಲ್ಲುಚೂರುಗಳಿಂದ ರಚಿಸಿದ ನಾಲ್ವರು ದೇವದೂತರಿದ್ದಾರೆ: ವಿಶ್ವಾಸ, ಭರವಸೆ, ಪ್ರೀತಿ, ಮತ್ತು ನಾಲ್ಕನೆಯದಾಗಿ ವಿಜ್ಞಾನ. 1910ರಲ್ಲಿ ತೀರಿಕೊಂಡ ಮರೀ ಅವರನ್ನೂ ಅಲ್ಲಿಯೇ, ಪತಿಯ ಸನಿಹದಲ್ಲಿ ಮಣ್ಣುಮಾಡಿದರು.